ಗ್ರಾಮ ಪಂಚಾಯಿತಿಯ ಸ್ವಂತ ದುಡ್ಡಿಗೂ ಮೇಲಿನವರ ಒಪ್ಪಿಗೆ ಬೇಕಾ? ಸ್ವಾಯತ್ತತೆ ನಿಜವಾಗಿ ಎಲ್ಲಿ ಸೋರಿಹೋಗುತ್ತಿದೆ?

ಹೊಲದಬದು:

ಗ್ರಾಮ ಪಂಚಾಯಿತಿಗಳ ಸ್ವಾಯತ್ತತೆ ಬಗ್ಗೆ ಸರ್ಕಾರಕ್ಕೆ ಕೊಡುವ ಮನವಿಯೊಂದರ ಕರಡು ತಯಾರಾಗುತ್ತಿದೆ. "ಹೆಚ್ಚು ಅಧಿಕಾರ ಕೊಡಿ, ಹೆಚ್ಚು ಅನುದಾನ ಕೊಡಿ" ಅಂತ ಬರೆದರೆ ಸ್ವೀಕೃತಿ ಮೊಹರು ಬಿದ್ದು ಅಲ್ಲಿಗೇ ಮುಗಿಯುತ್ತದೆ. ಯಾವ ಪ್ರಕರಣ, ಯಾವ ಸಹಿ, ಯಾವ ಖಾತೆ ಅಂತ ಗುರುತಿಸಿ ಬರೆಯಬೇಕು.

ಉದಾಹರಣೆಗೆ ಒಂದು ಪಂಚಾಯಿತಿ ಇಟ್ಟುಕೊಳ್ಳಿ. ಜನಸಂಖ್ಯೆ 6,000, 400ಕ್ಕೆ ಒಬ್ಬರಂತೆ 15 ಸದಸ್ಯರು. ಒಂದು ಓಣಿಯ ಕುಡಿಯುವ ನೀರಿನ ಪೈಪ್ ಬದಲಿಸಲು ಸ್ವಂತ ಸಂಪನ್ಮೂಲದಿಂದ 3 ಲಕ್ಷ ಖರ್ಚು ಮಾಡಲು ಸಾಮಾನ್ಯ ಸಭೆ ನಿರ್ಣಯ ಮಾಡುತ್ತದೆ. "ಕ್ರಿಯಾ ಯೋಜನೆಗೆ ಅನುಮೋದನೆ ಇಲ್ಲ" ಎಂಬ ಒಂದೇ ಸಾಲಿನೊಂದಿಗೆ ಕಡತ ತಾಲ್ಲೂಕು ಪಂಚಾಯಿತಿಯಿಂದ ವಾಪಸ್ ಬರುತ್ತದೆ. ಇದು ಸರಿಯಾ? 15ನೇ ಹಣಕಾಸು ಆಯೋಗದ "ಅನಿರ್ಬಂಧಿತ" ಅನುದಾನ ನಿಜಕ್ಕೂ ಅನಿರ್ಬಂಧಿತವಾ? ಪಂಚಾಯಿತಿಯ ನಿರ್ಣಯವನ್ನು ಸಿಇಒ (ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ತಡೆಯಬಹುದಾ? ಕಾಯ್ದೆ ತಿದ್ದಬೇಕು ಅಂದರೆ ಕೈ ಹಾಕಬೇಕಾದ್ದು ಎಲ್ಲಿಗೆ?

ಠರಾವು_ಪುಸ್ತಕ:

"ಅನುಮೋದನೆ ಇಲ್ಲ" ಅನ್ನುವ ಆ ಸಾಲಿನಲ್ಲೇ ಗೊಂದಲ ಇದೆ. ಒಂದು ಕಾಮಗಾರಿಗೆ ಬೇಕಾದ ಒಪ್ಪಿಗೆಗಳು ನಾಲ್ಕು: ಕ್ರಿಯಾ ಯೋಜನೆ, ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಖರೀದಿ ಅಥವಾ ಟೆಂಡರ್ ಪ್ರಕ್ರಿಯೆ. ಸ್ವಂತ ನಿಧಿಯ ಕೆಲಸದಲ್ಲಿ ಮೊದಲ ಎರಡು ಪಂಚಾಯಿತಿ ಸಭೆಯ ಕೈಯಲ್ಲೇ ಇವೆ. ಷರತ್ತು ಏನೆಂದರೆ ಆ ಲೆಕ್ಕ ಶೀರ್ಷಿಕೆಯಡಿ ಆ ವರ್ಷದ ಬಜೆಟ್‌ನಲ್ಲಿ ಹಣ ಇಟ್ಟಿರಬೇಕು. ಇಟ್ಟಿಲ್ಲವಾದರೆ ಮೊದಲು ಪರಿಷ್ಕೃತ ಬಜೆಟ್, ಆಮೇಲೆ ಕಾಮಗಾರಿ ನಿರ್ಣಯ. ಎರಡನ್ನೂ ಒಂದೇ ನಿರ್ಣಯದಲ್ಲಿ ತುರುಕಿದರೆ ಕಡತ ವಾಪಸ್ ಕಳಿಸಲು ನಾವೇ ನೆಪ ಕೊಟ್ಟಂತೆ.

ಸಿಕ್ಕಿಕೊಳ್ಳುವುದು ಮೂರನೆಯದರಲ್ಲಿ. ಗ್ರಾಮ ಪಂಚಾಯಿತಿಗೆ ಸ್ವಂತ ಇಂಜಿನಿಯರ್ ಇಲ್ಲ. ಅಂದಾಜು ಪಟ್ಟಿ ಮಾಡುವುದು, ತಾಂತ್ರಿಕ ಮಂಜೂರಾತಿ ಕೊಡುವುದು, ಅಳತೆ ಪುಸ್ತಕ ಬರೆಯುವುದು ಎಲ್ಲವೂ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವರು, ನೀರಿನ ಕೆಲಸವಾದರೆ ಗ್ರಾಮೀಣ ಕುಡಿಯುವ ನೀರು ವಿಭಾಗದವರು. ಒಬ್ಬ ಕಿರಿಯ ಇಂಜಿನಿಯರ್ ಹಲವು ಪಂಚಾಯಿತಿಗಳನ್ನು ನೋಡಬೇಕು, ಜೊತೆಗೆ ಶಾಸಕರ ನಿಧಿಯ ಕೆಲಸ, ಜಿಲ್ಲಾ ಪಂಚಾಯಿತಿ ಕೆಲಸ. 3 ಲಕ್ಷದ ಪೈಪ್ ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಅಧಿಕಾರವನ್ನು ಯಾರೂ ಕಿತ್ತುಕೊಂಡಿಲ್ಲ, ಆದರೆ ಅಳೆಯುವ ಟೇಪ್ ಬೇರೆಯವರ ಕೈಯಲ್ಲಿದೆ.

ಆದ್ದರಿಂದ ಮೊದಲ ಕೆಲಸ: ಯಾವ ಅಧಿನಿಯಮದ ಯಾವ ಪ್ರಕರಣ, ಯಾವ ನಿಯಮ, ಯಾವ ಸುತ್ತೋಲೆಯ ಪ್ರಕಾರ ಅನುಮೋದನೆ ಬೇಕು ಅಂತ ಲಿಖಿತವಾಗಿ ಕೇಳಿ. 2006ರ ಗ್ರಾಮ ಪಂಚಾಯಿತಿ ಆಯವ್ಯಯ ಮತ್ತು ಲೆಕ್ಕಪತ್ರ ನಿಯಮಗಳ ಪ್ರತಿ ಕಚೇರಿಯಲ್ಲಿ ಇರಲಿ. ಬಾಯಿಮಾತಿನ "ಮೇಲಿನಿಂದ ಸೂಚನೆ ಇದೆ" ಎಂಬುದನ್ನು ನಡವಳಿಯಲ್ಲಿ ದಾಖಲಿಸಿದರೆ ಸಾಮಾನ್ಯವಾಗಿ ಸೂಚನೆ ಕರಗುತ್ತದೆ.

ಟೆಂಡರ್ ಮಿತಿಯ ಒಳಗೆ ತರಬೇಕೆಂದು ಒಂದೇ ಪೈಪ್‌ಲೈನನ್ನು ಎರಡು ತುಂಡು ಮಾಡಬೇಡಿ. ಲೆಕ್ಕಪರಿಶೋಧನೆಯಲ್ಲಿ ಮೊದಲು ಬರುವ ಆಕ್ಷೇಪಣೆ ಅದೇ, ಮತ್ತು "ನೋಡಿ, ಇವರಿಗೆ ಸ್ವಾತಂತ್ರ್ಯ ಕೊಟ್ಟರೆ ಹೀಗೆ" ಅನ್ನಲು ದಾರಿ ಆಗುತ್ತದೆ.

ಇನ್ನೊಂದು ವಿಷಯ. ಸ್ವಂತ ಸಂಪನ್ಮೂಲ ಅಂತ ಪುಸ್ತಕದಲ್ಲಿ ಕಾಣುವ ಮೊತ್ತ ಪೂರ್ತಿ ಸ್ವಂತದ್ದಲ್ಲ. 1,000 ರೂ. ಮನೆ ತೆರಿಗೆಯ ಮೇಲೆ ಆರೋಗ್ಯ ಕರ 150, ಶಿಕ್ಷಣ ಕರ 100, ಗ್ರಂಥಾಲಯ ಕರ 60, ಭಿಕ್ಷುಕರ ಕರ 30, ಒಟ್ಟು 1,340 ವಸೂಲಾಗುತ್ತದೆ. ಮೇಲಿನ 340 ಆಯಾ ಬಾಬ್ತಿಗೆ ಜಮಾ ಆಗಬೇಕಾದ ಹಣ. ಅದನ್ನು ಒಂದೇ ಖಾತೆಯಲ್ಲಿ ಬಿಟ್ಟು, ಶಿಲ್ಕು ನೋಡಿ ಖರ್ಚು ಮಾಡಿದರೆ ಎರಡು ಮೂರು ವರ್ಷದಲ್ಲಿ ಕರಬಾಕಿಯೇ ದೊಡ್ಡ ಹೊರೆಯಾಗುತ್ತದೆ. ಉಳಿದದ್ದರಲ್ಲಿ ಶೇ 25 ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಕ್ಕೆ, ಶೇ 5 ಅಂಗವಿಕಲರಿಗೆ. 9 ಲಕ್ಷ ಸ್ವಂತ ಆದಾಯ ಇದ್ದರೆ 2.25 ಲಕ್ಷ ಮತ್ತು 45 ಸಾವಿರ ಮೊದಲೇ ತೆಗೆದಿಡಿ. 3 ಲಕ್ಷದ ಪೈಪ್ ಬರಬೇಕಾದ್ದು ಉಳಿದ 6.30 ಲಕ್ಷದಲ್ಲಿ, ಅದರಲ್ಲೇ ಬ್ಲೀಚಿಂಗ್ ಪುಡಿಯಿಂದ ಮೋಟರ್ ರಿಪೇರಿವರೆಗೆ ಎಲ್ಲವೂ ಇದೆ.

ಶಿಲ್ಕು_ಬಾಕಿ:

15ನೇ ಹಣಕಾಸಿನ ಬಗ್ಗೆ. 2020-21ರ ಒಂದು ವರ್ಷ ನಿರ್ಬಂಧಿತ, ಅನಿರ್ಬಂಧಿತ ಅರ್ಧರ್ಧ ಇತ್ತು. 2021-26ರ ಅವಧಿಗೆ ಅದು 60:40 ಆಯಿತು. 30 ಲಕ್ಷ ಬಂದರೆ 9 ಲಕ್ಷ ನೈರ್ಮಲ್ಯಕ್ಕೆ, 9 ಲಕ್ಷ ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ ಕಟ್ಟಿಹಾಕಿದ್ದು. ಉಳಿದ 12 ಲಕ್ಷ ಅನಿರ್ಬಂಧಿತ, ಆದರೆ ಅದರಿಂದ ಸಂಬಳ ಮತ್ತು ಕಚೇರಿ ವೆಚ್ಚ ಮಾಡುವಂತಿಲ್ಲ. ಅಂದರೆ ಹೊಸ ಟ್ಯಾಂಕ್ ಕಟ್ಟಬಹುದು, ಅದಕ್ಕೆ ನೀರು ಬಿಡುವ ನೀರುಗಂಟಿಗೆ ಸಂಬಳ ಕೊಡಲಾಗದು. ನಿಮ್ಮ ಪೈಪ್ ಕೆಲಸ ನಿರ್ಬಂಧಿತ ನೀರಿನ ಬಾಬ್ತಿಗೇ ಸರಿಯಾಗಿ ಕೂರುತ್ತದೆ. ಸ್ವಂತ ದುಡ್ಡನ್ನು ಅದಕ್ಕೆ ಹಾಕುವುದೇ ತಪ್ಪು ಲೆಕ್ಕ. ಸ್ವಂತ ದುಡ್ಡು ಬೇರೆಲ್ಲೂ ಹಣ ಸಿಗದ ಕೆಲಸಕ್ಕೆ ಇರಲಿ.

ಬಿಗಿ ಇರುವುದು ಮೊತ್ತದಲ್ಲಿ ಮಾತ್ರ ಅಲ್ಲ, ತಂತ್ರಾಂಶದಲ್ಲೂ ಇದೆ. ಪಂಚಾಯಿತಿಗಳ ಯೋಜನೆ, ಲೆಕ್ಕದ ಕೇಂದ್ರ ತಂತ್ರಾಂಶ ಇ-ಗ್ರಾಮಸ್ವರಾಜ್‌ನಲ್ಲಿ ಯೋಜನೆ ಅಪ್‌ಲೋಡ್ ಆಗಿ, ಪ್ರತಿ ಕೆಲಸಕ್ಕೂ ಚಟುವಟಿಕೆ ಸಂಕೇತ ಹುಟ್ಟಿರಬೇಕು. ಸಂಕೇತ ಇಲ್ಲದ ಕೆಲಸಕ್ಕೆ ಪಾವತಿ ಇಲ್ಲ. ನಡುವರ್ಷ ಬೋರ್‌ವೆಲ್ ಬತ್ತಿದರೆ ಪೂರಕ ಯೋಜನೆ ಹಾಕಿ, ಮತ್ತೆ ಸಭೆಯ ನಿರ್ಣಯ ಜೋಡಿಸಬೇಕು. ಆಮೇಲೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಅಧ್ಯಕ್ಷರ ಡಿಜಿಟಲ್ ಸಹಿಗಳು (ಡಿಎಸ್‌ಸಿ), ಅಲ್ಲಿಂದ ಕೇಂದ್ರದ ಪಾವತಿ ವ್ಯವಸ್ಥೆ ಪಿಎಫ್‌ಎಂಎಸ್. ಎಡವುವ ಜಾಗಗಳು ಯಾವಾಗಲೂ ಅವೇ: ಅಧ್ಯಕ್ಷರು ಬದಲಾದಾಗ ಹೊಸ ಡಿಎಸ್‌ಸಿ ನೋಂದಣಿಗೆ ಮೇಲಿನ ಹಂತದ ಒಪ್ಪಿಗೆ ಬೇಕು, ಅಲ್ಲಿಯವರೆಗೆ ಖಾತೆ ನಿಂತಿರುತ್ತದೆ. ಪಿಡಿಒ ವರ್ಗಾವಣೆಯಾದರೂ ಅದೇ ಕಥೆ. ಬ್ಯಾಂಕ್ ವಿಲೀನವಾದಾಗ (ಸಿಂಡಿಕೇಟ್ ಕೆನರಾಗೆ ಸೇರಿದಾಗ, ವಿಜಯಾ ಬ್ಯಾಂಕ್ ಬರೋಡಾಗೆ ಸೇರಿದಾಗ ಹೀಗೇ ಆಯಿತು) ಗುತ್ತಿಗೆದಾರರ ಹಳೇ ಐಎಫ್‌ಎಸ್‌ಸಿ ಉಳಿದು ಪಾವತಿ ತಿರಸ್ಕೃತವಾಗುತ್ತದೆ. ಅಧ್ಯಕ್ಷರ ಚುನಾವಣೆಯ ದಿನಾಂಕ ನಿಗದಿಯಾದ ಕೂಡಲೇ ಡಿಎಸ್‌ಸಿ ಅರ್ಜಿಯ ಕಾಗದ ತಯಾರಿಟ್ಟುಕೊಳ್ಳುವ ಪಂಚಾಯಿತಿಗಳು ವಾರಗಟ್ಟಲೆ ಉಳಿಸುತ್ತವೆ.

ರಾಜ್ಯದ ಶಾಸನಬದ್ಧ ಅನುದಾನ ಇನ್ನೊಂದು ಬಗೆ. ಅದರ ದೊಡ್ಡ ಪಾಲು ಸಿಬ್ಬಂದಿ ವೇತನ ಮತ್ತು ಕರೆಂಟ್ ಬಿಲ್. ಕರೆಂಟಿನ ಪಾಲು ಎಸ್ಕ್ರೋ ಖಾತೆ (ಬಿಲ್ ಪಾವತಿಗೆಂದೇ ತೆಗೆದಿಟ್ಟ ಖಾತೆ) ಮೂಲಕ ನೇರ ಎಸ್ಕಾಂಗೆ, ಅಂದರೆ ವಿದ್ಯುತ್ ಸರಬರಾಜು ಕಂಪನಿಗೆ, ಹೋಗುತ್ತದೆ. ಹಣ ಬಂದದ್ದೂ ಹೋದದ್ದೂ ಪಂಚಾಯಿತಿಗೆ ಕಾಗದದಲ್ಲಷ್ಟೇ ಗೊತ್ತು. ಆದ್ದರಿಂದ ಬಿಲ್ ಸರಿಯಾಗಿದೆಯಾ ಅಂತ ಯಾರೂ ನೋಡುವುದಿಲ್ಲ.

ನೋಡಬೇಕು. ಎಸ್ಕಾಂ ಉಪವಿಭಾಗದಿಂದ ಪಂಚಾಯಿತಿ ಹೆಸರಿನ ಎಲ್ಲ ಆರ್‌ಆರ್ ನಂಬರುಗಳ ಪಟ್ಟಿ ಬರೆಸಿಕೊಳ್ಳಿ. ನೀರುಗಂಟಿಯನ್ನು ಕರೆದುಕೊಂಡು ಒಂದೊಂದೇ ಮೀಟರ್ ಎದುರು ನಿಂತು ತಾಳೆ ನೋಡಿ. ಬತ್ತಿ ಮುಚ್ಚಿದ ಬೋರ್‌ವೆಲ್‌ಗೆ ನಿಗದಿತ ಶುಲ್ಕ ಬೀಳುತ್ತಿರುವುದು, ಮೀಟರ್ ಕೆಟ್ಟು ಸರಾಸರಿ ಬಿಲ್ ಬರುತ್ತಿರುವುದು, ಬೇರೆ ಪಂಚಾಯಿತಿಯ ಸ್ಥಾವರ ಇಲ್ಲಿ ಸೇರಿರುವುದು ಸಿಗುತ್ತದೆ. ಬೀದಿದೀಪದ ಕಂಬಗಳಿಗೆ ಪ್ರತ್ಯೇಕ ವೈರ್ ಇಲ್ಲದಿದ್ದರೆ ಸ್ವಿಚ್ ಹಾಕಲು ಬರುವುದಿಲ್ಲ, ಹಗಲಲ್ಲೂ ಉರಿಯುತ್ತವೆ. ಎಲ್‌ಇಡಿ ಹಾಕುವ ಮುಂಚೆ ಆ ವೈರ್ ಎಳೆಸಿ, ಮೀಟರ್ ಮತ್ತು ಟೈಮರ್ ಹಾಕಿಸಿ. ಬರೀ ಬಲ್ಬ್ ಬದಲಿಸಿ "ಉಳಿತಾಯ" ಅಂದರೆ ಮೀಟರ್ ಇಲ್ಲದ ಕಡೆ ಒಂದು ಪೈಸೆಯೂ ಇಳಿಯುವುದಿಲ್ಲ.

ಮನವಿಯಲ್ಲಿ ಬರೆಯಬೇಕಾದ್ದು: ಎಸ್ಕ್ರೋಗೆ ಹಣ ಕಡಿತವಾಗುವ ಮುಂಚೆ ಬಿಲ್‌ಗೆ ಪಂಚಾಯಿತಿಯ ದೃಢೀಕರಣ ಕಡ್ಡಾಯವಾಗಲಿ.

ಮಂಡಲದ_ಕಟ್ಟೆ:

ಸಿಇಒ ಪ್ರಶ್ನೆಗೆ ಉತ್ತರ: ತಡೆಯಬಹುದು. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕರಣ 237. ಕಾನೂನುಬಾಹಿರ ನಿರ್ಣಯ ತಡೆಯುವ ಅಧಿಕಾರ ಬೇರೆ ರಾಜ್ಯಗಳಲ್ಲೂ ಇದೆ, ಅದು ತಪ್ಪಲ್ಲ. ಇಲ್ಲಿನ ತೊಂದರೆ ಏನೆಂದರೆ "ಕಾನೂನುಬಾಹಿರ" ಜೊತೆಗೆ "ಅನುಚಿತ" ಎಂಬುದೂ ಆ ವ್ಯಾಪ್ತಿಯೊಳಗೆ ಬರುತ್ತದೆ. ಯಾವುದು ಉಚಿತ ಅಂತ ತೀರ್ಮಾನಿಸುವುದು ಚುನಾಯಿತ ಸಭೆಯ ಕೆಲಸ, ಅಧಿಕಾರಿಯದ್ದಲ್ಲ. ಕೇರಳದಲ್ಲಿ ಅಧಿಕಾರ ವಿಕೇಂದ್ರೀಕರಣ ಕುರಿತ ಸೇನ್ ಸಮಿತಿ ಶಿಫಾರಸಿನ ನಂತರ 1999ರ ತಿದ್ದುಪಡಿಯಲ್ಲಿ ಇದನ್ನು ಹಿಡಿತಕ್ಕೆ ತಂದರು. ಪಂಚಾಯಿತಿ ನಿರ್ಣಯ ರದ್ದು ಮಾಡುವ ಮುಂಚೆ ಸರ್ಕಾರವೇ ಓಂಬುಡ್ಸ್‌ಮನ್ ಅಥವಾ ನ್ಯಾಯಮಂಡಳಿಗೆ ಕಳಿಸಿ ಅಭಿಪ್ರಾಯ ಪಡೆಯಬೇಕು. ನಮ್ಮಲ್ಲಿ ಗ್ರಾಮ ಪಂಚಾಯಿತಿಯ ಆದೇಶದ ವಿರುದ್ಧ ಪ್ರಕರಣ 269ರ ಮೇಲ್ಮನವಿ ಹೋಗುವುದು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಹತ್ತಿರ. ಕಡತ ವಾಪಸ್ ಕಳಿಸಿದವರೂ ಅವರೇ, ಮೇಲ್ಮನವಿ ಕೇಳುವವರೂ ಅವರೇ!

ಹಳೆಯದನ್ನು ಮರೆತವರಿಗೆ ಒಂದು ಮಾತು. ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ ಬಂದ 1983ರ ಪಂಚಾಯಿತಿ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಸಿಕ್ಕಿದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಅದರಲ್ಲಿ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ದರ್ಜೆ ಸಚಿವರ ಸ್ಥಾನಮಾನ, ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್. ಮಾತಿನಲ್ಲಿ ವಿಕೇಂದ್ರೀಕರಣ ಅನ್ನದೆ ಜ್ಯೇಷ್ಠತೆಯ ಪಟ್ಟಿಯಲ್ಲೇ ತೋರಿಸಿದ್ದರು. 1993ರಲ್ಲಿ 73ನೇ ತಿದ್ದುಪಡಿಗೆ ಹೊಂದಿಸಿ ಹೊಸ ಕಾಯ್ದೆ ಬಂದಾಗ ಸಂವಿಧಾನದ ರಕ್ಷಣೆ ಸಿಕ್ಕಿತು, ಆದರೆ ಆ ಗತ್ತು ಹೋಯಿತು. ರಮೇಶ್ ಕುಮಾರ್ ಸಮಿತಿಯ ವರದಿಯ ಮೇಲೆ ಆದ ತಿದ್ದುಪಡಿ 2016ರ ಫೆಬ್ರುವರಿಯಲ್ಲಿ ಜಾರಿಗೆ ಬಂದು ಕಾಯ್ದೆಯ ಹೆಸರಿನಲ್ಲಿ "ಗ್ರಾಮ ಸ್ವರಾಜ್" ಸೇರಿತು.

ಸಿಬ್ಬಂದಿ ಮೇಲಿನ ಹಿಡಿತ ಮಾತ್ರ ಸೇರಲಿಲ್ಲ. ಪಿಡಿಒ ರಾಜ್ಯ ಸರ್ಕಾರದ ನೌಕರ. ನೇಮಕ, ವರ್ಗಾವಣೆ, ಶಿಸ್ತುಕ್ರಮ ಎಲ್ಲ ಮೇಲೆ. ಪಂಚಾಯಿತಿ ತಾನೇ ಒಬ್ಬ ಕರ ವಸೂಲಿಗಾರನನ್ನೋ ನೀರುಗಂಟಿಯನ್ನೋ ತೆಗೆದುಕೊಳ್ಳಬೇಕಾದರೂ ಪ್ರಕರಣ 113ರಂತೆ ಸಿಇಒ ಪೂರ್ವಾನುಮತಿ ಬೇಕು, ಸಂಬಳ ಪಂಚಾಯಿತಿಯದ್ದು. ಪಿಡಿಒಗಳನ್ನೆಲ್ಲ ಅಧ್ಯಕ್ಷರ ಕೈಗೆ ಕೊಟ್ಟುಬಿಡಿ ಅನ್ನುವ ಬೇಡಿಕೆ ನಡೆಯದ್ದು, ನಡೆದರೆ ಅಪಾಯ ಕೂಡ. ಸಣ್ಣ ಬೇಡಿಕೆ ಇಡಿ: ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಪಂಚಾಯಿತಿಯ ಅಭಿಪ್ರಾಯಕ್ಕೆ ಒಂದು ಭಾಗ, ಎರಡು ವರ್ಷಕ್ಕೆ ಮುಂಚೆ ವರ್ಗಾಯಿಸಿದರೆ ಲಿಖಿತ ಕಾರಣ, ಮತ್ತು 113ರ ಅನುಮತಿಗೆ 30 ದಿನದ ಗಡುವು, ಉತ್ತರ ಬರದಿದ್ದರೆ ಒಪ್ಪಿಗೆ ಇದೆ ಎಂದೇ ಅರ್ಥ.

ಬಿಳಿಕಲ್ಲು:

ಎಲ್ಲ ಸರಿ, ಆದರೆ ಈಗಾಗಲೇ ಕೈಯಲ್ಲಿರುವ ಅಧಿಕಾರವನ್ನು ಬಳಸದೆ ಹೊಸದು ಕೇಳುವುದು ನನಗೆ ಒಪ್ಪಿಗೆ ಇಲ್ಲ. ಪ್ರಕರಣ 199 ತೆರಿಗೆ ಹಾಕುವ ಅಧಿಕಾರ ಕೊಟ್ಟಿದೆ. ಎಷ್ಟು ಪಂಚಾಯಿತಿಗಳು ಪೂರ್ತಿ ಹಾಕಿವೆ? ಓಟು ಹೋಗುತ್ತದೆ ಅಂತ ಹತ್ತು ವರ್ಷದ ಹಿಂದಿನ ಮೌಲ್ಯದ ಮೇಲೇ ಮನೆ ಕಂದಾಯ ನಡೆಯುತ್ತಿರುತ್ತದೆ. ರೆಸಾರ್ಟು, ಹೋಂಸ್ಟೇ, ಕೋಳಿ ಫಾರಂ, ಕಲ್ಯಾಣ ಮಂಟಪ ವಾಸದ ಮನೆ ಅಂತ ದಾಖಲಾಗಿರುತ್ತವೆ. ಮೊಬೈಲ್ ಟವರ್ ಕಟ್ಟಡವೇ ಅಲ್ಲ ಅಂತ ಕಂಪನಿಯವರು ವಾದ ಮಾಡುತ್ತಿದ್ದರು. ಟವರ್ ಕೂಡ ಕಟ್ಟಡದ ವ್ಯಾಖ್ಯೆಯಲ್ಲಿ ಬರುತ್ತದೆ, ಆಸ್ತಿ ತೆರಿಗೆ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಗುಜರಾತಿನ ಪ್ರಕರಣದಲ್ಲಿ ಹೇಳಿದೆ.

ಒಂದು ಸುಲಭ ಪರೀಕ್ಷೆ. ಎಸ್ಕಾಂನಿಂದ ಊರುವಾರು ಗೃಹಬಳಕೆ ಮತ್ತು ವಾಣಿಜ್ಯ ಸಂಪರ್ಕಗಳ ಸಂಖ್ಯೆ ತರಿಸಿ. ಪಕ್ಕದಲ್ಲಿ ಪಂಚಾಯಿತಿಯ ಬೇಡಿಕೆ, ವಸೂಲಿ, ಬಾಕಿ ವಹಿಯ ಆಸ್ತಿ ಸಂಖ್ಯೆ ಬರೆಯಿರಿ. ಮೂರನೇ ಕಂಬದಲ್ಲಿ ಇ-ಸ್ವತ್ತು (ಆನ್‌ಲೈನ್ ಆಸ್ತಿ ದಾಖಲೆ) ಸಂಖ್ಯೆ. ಕರೆಂಟ್ 1,400 ಮನೆಗೆ ಇದ್ದು ವಹಿಯಲ್ಲಿ 1,050 ಇದ್ದರೆ ಆ 350 ಎಲ್ಲಿ? ಕೆಲವು ಹೊಲದ ಮನೆ, ಕೆಲವು ಒಂದೇ ಆಸ್ತಿಯಲ್ಲಿ ಎರಡು ಮೀಟರ್, ಉಳಿದವು ತೆರಿಗೆಗೇ ಬಾರದವು. ವಾಣಿಜ್ಯ ಮೀಟರ್ ಇದ್ದೂ ವಾಸದ ದರ ಕಟ್ಟುತ್ತಿರುವವರು ಅದೇ ಪಟ್ಟಿಯಲ್ಲಿ ಸಿಕ್ಕಿಬೀಳುತ್ತಾರೆ. ಸರ್ವೆಗೆ ಹೊರಡುವ ಮುಂಚೆ ವಾರ್ಡ್ ಸಭೆಯಲ್ಲಿ ದರಪಟ್ಟಿ ಓದಿ ಹೇಳಿ, ಪಂಚಾಯಿತಿ ಸೂಚನಾ ಫಲಕಕ್ಕೆ ಅಂಟಿಸಿ. ಸದಸ್ಯರ ಮನೆಗಳನ್ನು ಮೊದಲು ಅಳೆಯಿರಿ. ಇದನ್ನು ಬಿಟ್ಟರೆ ಜಗಳ ಖಾತ್ರಿ.

ಆ 350ರ ತೆರಿಗೆ ಬಂದರೆ ಪೈಪ್ ಕಡತವನ್ನು ಹಿಡಿದು ತಾಲ್ಲೂಕಿಗೆ ಅಲೆಯುವ ಪ್ರಮೇಯವೇ ಕಡಿಮೆ.

ಮಂಡಲದ_ಕಟ್ಟೆ:

ಬಿಳಿಕಲ್ಲು ಅವರೇ, ಬೆಂಗಳೂರು ಸುತ್ತಲಿನ ಪಂಚಾಯಿತಿಗೆ ಅದು ಸರಿ. ಬೀದರ್, ರಾಯಚೂರಿನ ಒಳಹಳ್ಳಿಯಲ್ಲಿ, ಮಲೆನಾಡಿನ ಚದುರಿದ ಊರಿನಲ್ಲಿ ಪೂರ್ತಿ ತೆರಿಗೆ ಎತ್ತಿದರೂ ಬೋರ್‌ವೆಲ್ ಮೋಟರುಗಳ ರಿಪೇರಿಗೆ ಸಾಲದು. ಅದಕ್ಕೇ ಸಂವಿಧಾನದ 243-ಐ ವಿಧಿಯಲ್ಲಿ ರಾಜ್ಯ ಹಣಕಾಸು ಆಯೋಗ ಇಟ್ಟಿರುವುದು. ಅದರ ಅಧ್ಯಕ್ಷರಾದವರು ತಿಮ್ಮಯ್ಯ ಅವರಿಂದ ಹಿಡಿದು ಕೋಡ್ಗಿ, ಚಿನ್ನಸ್ವಾಮಿ, ಆಮೇಲೆ 5ನೆಯದಕ್ಕೆ ಸಿ. ನಾರಾಯಣಸ್ವಾಮಿ. ಆಯೋಗಗಳಿಗೆ ಬರವಿಲ್ಲ. ರಾಜ್ಯದ ಸಾಲೇತರ ನಿವ್ವಳ ಸ್ವಂತ ಆದಾಯದಲ್ಲಿ ಇಷ್ಟು ಪಾಲು ಸ್ಥಳೀಯ ಸಂಸ್ಥೆಗೆ ಅಂತ ಅವರು ಹೇಳುತ್ತಾರೆ, ಸರ್ಕಾರ ಶಿಕ್ಷಕರ, ಆರೋಗ್ಯ ಸಿಬ್ಬಂದಿಯ ಸಂಬಳವನ್ನೂ ಜಿಲ್ಲಾ ಪಂಚಾಯಿತಿಯ ಹಣ ತೋರಿಸುವ ಬಜೆಟ್ ಪುಸ್ತಕವಾದ ಲಿಂಕ್ ಡಾಕ್ಯುಮೆಂಟ್‌ನಲ್ಲಿ ಸೇರಿಸಿ "ಪಾಲು ಕೊಟ್ಟಾಯಿತು" ಅನ್ನುತ್ತದೆ. ಆ ಸಂಬಳದ ಮೇಲೆ ಪಂಚಾಯಿತಿಗೆ ಯಾವ ತೀರ್ಮಾನವೂ ಇಲ್ಲ. ಮನವಿಯಲ್ಲಿ ಇದನ್ನು ಬರೆಯಿರಿ: ಪಾಲನ್ನು ಲೆಕ್ಕ ಹಾಕುವಾಗ ಸಂಬಳ ಬಿಟ್ಟು ಹಾಕಿ.

ಮೀಸಲು_ಪಟ್ಟಿ:

ಯಾರೂ ಚುನಾವಣೆ ಎತ್ತಲಿಲ್ಲ. ಇಲ್ಲದ ಸಂಸ್ಥೆಗೆ ಸ್ವಾಯತ್ತತೆ ಎಲ್ಲಿಂದ?

243-ಇ ವಿಧಿ ಪ್ರಕಾರ ಐದು ವರ್ಷ ತುಂಬುವ ಮುಂಚೆಯೇ ಚುನಾವಣೆ ಮುಗಿಯಬೇಕು. ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಇದನ್ನು ಸ್ಪಷ್ಟ ಮಾಡಿತು. 2022ರ ಮೇನಲ್ಲಿ ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ, ಕ್ಷೇತ್ರ ಮರುವಿಂಗಡಣೆ ಅಥವಾ ಹಿಂದುಳಿದ ವರ್ಗದ ಮೀಸಲಾತಿಯ ಪರಿಶೀಲನೆ ಬಾಕಿ ಎಂಬ ಕಾರಣಕ್ಕೂ ತಡ ಮಾಡುವಂತಿಲ್ಲ ಅಂದಿತು. ಕರ್ನಾಟಕದಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದದ್ದು 2021ರಲ್ಲಿ. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ಆವರ್ತನದ (ಮೀಸಲು ಕ್ಷೇತ್ರಗಳ ಸರದಿ) ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಸರ್ಕಾರ ನೇಮಿಸುವ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟರು. ಆಮೇಲೆ ಆಡಳಿತಾಧಿಕಾರಿಗಳ ಕಾಲ. ಪರದೆ ಹಿಂದೆ ಏನು ನಡೆದಿರಬಹುದು ಅಂತ ಊಹಿಸುವ ಅಗತ್ಯವಿಲ್ಲ, ಪಟ್ಟಿ ಯಾರ ಕೈಯಲ್ಲಿದೆಯೋ ದಿನಾಂಕ ಅವರ ಕೈಯಲ್ಲಿರುತ್ತದೆ.

ಗ್ರಾಮ ಪಂಚಾಯಿತಿಗೆ ಇದರಿಂದ ಏನು ನಷ್ಟ ಅನ್ನುವವರಿಗೆ: 15ನೇ ಹಣಕಾಸಿನ ಹಣ ಚುನಾಯಿತ ಸಂಸ್ಥೆಗಳಿಗೆ ಮಾತ್ರ. ತಾಲ್ಲೂಕು, ಜಿಲ್ಲೆಯ ಪಾಲು ನಿಂತರೆ ಎರಡು ಮೂರು ಪಂಚಾಯಿತಿಗೆ ಸೇರಿದ ಕೆರೆ ಕಾಲುವೆ, ರಸ್ತೆ ಯಾರದ್ದೂ ಆಗುವುದಿಲ್ಲ. ತಾಲ್ಲೂಕು ಪಂಚಾಯಿತಿ ಅಧ್ಯಕ್ಷರಿಲ್ಲದ ಮೇಲೆ ತಾಲ್ಲೂಕು ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆ ಶಾಸಕರ ಸಭೆಯಾಗಿ ಉಳಿಯುತ್ತದೆ. 243-ಝಡ್‌ಡಿ ವಿಧಿಯ ಜಿಲ್ಲಾ ಯೋಜನಾ ಸಮಿತಿಯಲ್ಲಿ ಐದರಲ್ಲಿ ನಾಲ್ಕು ಭಾಗ ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತ ಸದಸ್ಯರೇ ಇರಬೇಕು. ಸದಸ್ಯರೇ ಇಲ್ಲದಿದ್ದರೆ ಸಮಿತಿ ಎಲ್ಲಿಂದ? ನೀವು ಗ್ರಾಮಸಭೆ ಮಾಡಿ ಬರೆದ ಯೋಜನೆ ಮೇಲೆ ಹೋಗಿ ಸೇರುವ ಜಾಗವೇ ಇಲ್ಲ. ಇಷ್ಟಾಗಿಯೂ 2025ರ ಫೆಬ್ರುವರಿಯಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಬಿಡುಗಡೆ ಮಾಡಿದ ಅಧಿಕಾರ ಹಸ್ತಾಂತರ ಸೂಚ್ಯಂಕದಲ್ಲಿ ಕರ್ನಾಟಕಕ್ಕೇ ಮೊದಲ ಸ್ಥಾನ. ಉಳಿದ ರಾಜ್ಯಗಳ ಸ್ಥಿತಿ ಊಹಿಸಿಕೊಳ್ಳಿ.

ತಿದ್ದುಪಡಿ ಕೇಳುವುದಾದರೆ: ವಿಂಗಡಣೆ ಮತ್ತು ಆವರ್ತನ ಮತ್ತೆ ಚುನಾವಣಾ ಆಯೋಗಕ್ಕೆ. ಅವಧಿ ಮುಗಿಯುವ ಆರು ತಿಂಗಳ ಮುಂಚೆ ಮೀಸಲಾತಿ ಅಧಿಸೂಚನೆ ಹೊರಡದಿದ್ದರೆ ಹಿಂದಿನ ವಿಂಗಡಣೆಯಲ್ಲೇ ಆಯೋಗ ಚುನಾವಣೆ ನಡೆಸಬೇಕು ಎಂಬ ಒಂದು ವಾಕ್ಯ. ಆ ಒಂದು ವಾಕ್ಯಕ್ಕೇ ಎಲ್ಲ ಪಕ್ಷಗಳೂ ಅಡ್ಡ ನಿಲ್ಲುತ್ತವೆ, ಅದೂ ಗೊತ್ತಿರಲಿ.

ಹೊಲದಬದು:

ಎಲ್ಲರಿಗೂ ಧನ್ಯವಾದ. ಕರಡಿಗೆ 237ರಿಂದ "ಅನುಚಿತ" ತೆಗೆಯುವುದು, 269ರ ಮೇಲ್ಮನವಿಯನ್ನು ಇಒ ಬದಲು ಸ್ವತಂತ್ರ ನ್ಯಾಯಮಂಡಳಿಗೆ ಕೊಡುವುದು, 113ಕ್ಕೆ ಗಡುವು, ಎಸ್ಕ್ರೋ ದೃಢೀಕರಣ, ಸಂಬಳ ಬಿಟ್ಟು ಪಾಲಿನ ಲೆಕ್ಕ, ಮರುವಿಂಗಡಣೆಯನ್ನು ಚುನಾವಣಾ ಆಯೋಗಕ್ಕೆ ವಾಪಸ್ ಕೊಡುವುದು, ಇಷ್ಟು ಸೇರಿಸಿದೆ. ಇಂಜಿನಿಯರ್ ವಿಷಯ ಹೇಗೆ ಬರೆಯುವುದು? ಪ್ರತಿ ಪಂಚಾಯಿತಿಗೊಬ್ಬರು ಅಂದರೆ ಸುಮಾರು 5,950 ಹುದ್ದೆ, ಹಣಕಾಸು ಇಲಾಖೆ ಓದುವುದೂ ಇಲ್ಲ.

ಠರಾವು_ಪುಸ್ತಕ:

ಹುದ್ದೆ ಕೇಳಬೇಡಿ. ಎರಡು ದಾರಿ ಬರೆಯಿರಿ. ಅಕ್ಕಪಕ್ಕದ ನಾಲ್ಕೈದು ಪಂಚಾಯಿತಿ ಸೇರಿ ಒಬ್ಬ ಡಿಪ್ಲೊಮಾ ಇಂಜಿನಿಯರನ್ನು ಗುತ್ತಿಗೆ ಮೇಲೆ ಇಟ್ಟುಕೊಳ್ಳಲು ಅವಕಾಶ, ಸಂಬಳ ಸ್ವಂತ ನಿಧಿಯಿಂದ ಹಂಚಿಕೆ. ಮತ್ತು ನಿಗದಿತ ಮೊತ್ತದೊಳಗಿನ ಪೈಪ್, ಚರಂಡಿ, ಬೀದಿದೀಪ ಕೆಲಸಗಳಿಗೆ ಚಾಲ್ತಿ ದರಪಟ್ಟಿ ಆಧರಿಸಿದ ಮಾದರಿ ಅಂದಾಜು. ಮೀಟರಿಗೆ ಇಷ್ಟು ಅಂತ ಇಲಾಖೆಯೇ ವರ್ಷಕ್ಕೊಮ್ಮೆ ಹೊರಡಿಸಿದರೆ, ಉದ್ದ ತುಂಬಿದರೆ ಸಾಕು, ಪ್ರತ್ಯೇಕ ತಾಂತ್ರಿಕ ಮಂಜೂರಾತಿ ಬೇಡ. ಅಳತೆ ಪುಸ್ತಕ ಮಾತ್ರ ಇಲಾಖೆಯ ಇಂಜಿನಿಯರೇ ಬರೆಯಲಿ. ಅದನ್ನೂ ಪಂಚಾಯಿತಿಗೆ ಕೇಳಿದರೆ ಅನುಮಾನಕ್ಕೆ ಎಡೆಯಾಗುತ್ತದೆ.

ನೀವು ಉದಾಹರಿಸಿದಂಥ ಪೈಪ್ ಕಡತಕ್ಕೆ ನಿಜವಾಗಿ ಬಂದ ಹಿಂಬರಹ ಇದ್ದರೆ ಹೆಸರು, ಮೊಹರು ಮುಚ್ಚಿ ಇಲ್ಲಿ ಹಾಕಿ. ಯಾವ ಕಂಡಿಕೆ ಉಲ್ಲೇಖಿಸಿದ್ದಾರೆ ನೋಡಿ, ಉತ್ತರದ ಕರಡು ಬರೆದುಕೊಡಬಹುದು.